ಗೋದಾಮಿನ ಹೆಗ್ಗಣಕ್ಕೆ ಎಷ್ಟು ಪವರ್‌ನ ಏರ್‌ಗನ್ ಸಾಕು?

ತೊಗರಿ ಗೋದಾಮಿನ ಹೆಗ್ಗಣಕ್ಕೆ ಏರ್‌ಗನ್ ತಗೊಳ್ಳೋರು ನಳಿಗೆ ತೂತು 4.5 ಎಂಎಂ ಇರೋದನ್ನೇ ತಗೊಳ್ಳಿ. ಹೊಡೆತದ ಶಕ್ತಿ 10 ಜೌಲ್ ಆಸುಪಾಸು ಇದ್ದರೆ ಸಾಕು, ಪೆಲೆಟ್ (ಏರ್‌ಗನ್ನಿನ ಪುಟ್ಟ ಗುಂಡು) ಮಾತ್ರ ಚಪ್ಪಟೆ ಮೂತಿಯದ್ದಿರಲಿ. ಚೂಪು ಮೂತಿಯದ್ದು ಆರಪಾರ ತೂರಿ ಹೋಗುತ್ತದೆ. ಚಪ್ಪಟೆಯದ್ದು ಬಿದ್ದಲ್ಲೇ ಬಲವೆಲ್ಲ ಬಿಡುತ್ತದೆ, ಪ್ರಾಣಿ ಜಾಸ್ತಿ ನರಳುವುದಿಲ್ಲ. ಡಬ್ಬಿ ಮೇಲಿನ ಸ್ಪೀಡ್ ನೋಡಿ ಮರುಳಾಗಬೇಡಿ, ಎಷ್ಟೋ ಸಲ ಅದು ತೀರಾ ಹಗುರ ಪೆಲೆಟ್ ಹಾಕಿ ಅಳೆದದ್ದು. ಜೌಲ್ ಲೆಕ್ಕ ಸುಲಭ ಇದೆ: ಪೆಲೆಟ್ ತೂಕವನ್ನು ಕೆಜಿಯಲ್ಲಿ ತಗೊಂಡು, ಅದನ್ನು ಸೆಕೆಂಡಿಗೆ ಎಷ್ಟು ಮೀಟರ್ ಅನ್ನೋ ವೇಗದಿಂದ ಗುಣಿಸಿ, ಬಂದದ್ದನ್ನು ಅದೇ ವೇಗದಿಂದ ಮತ್ತೊಮ್ಮೆ ಗುಣಿಸಿ, ಅರ್ಧ ಮಾಡಿ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ಹೋದರೆ ಸರಿಯಾಗಿ 10 ಜೌಲ್. ಅದಕ್ಕಿಂತ ಜಾಸ್ತಿ ಪವರ್ ನಮ್ಮ ಕಲಬುರಗಿ ಗೋದಾಮುಗಳಲ್ಲಿ ಸುಮ್ನೆ ಅಪಾಯ. ಕೆಳಗೆ ಶಹಾಬಾದ್ ಕಲ್ಲು, ಮೇಲೆ ತಗಡು, ಗುರಿ ತಪ್ಪಿದ ಪೆಲೆಟ್ ಎಲ್ಲಿ ಸಿಡಿದು ಬರುತ್ತದೋ ಹೇಳಲಾಗದು. ಇಲಿ ಓಡಾಡುವ ದಾರಿಯ ಹಿಂದೆ ಮರಳು ತುಂಬಿದ ಗೋಣಿಚೀಲ ಇಡಿ, ಕಣ್ಣಿಗೆ ಕನ್ನಡಕ ಹಾಕಿ. ಚಪ್ಪಟೆ ಪೆಲೆಟ್ 20 ಮೀಟರ್ ದಾಟಿದರೆ ಗುರಿ ಬಿಟ್ಟು ಅಲೆಯುತ್ತದೆ, ದೂರಕ್ಕೆ ದುಂಡು ಮೂತಿಯದ್ದೇ ಸರಿ. 4.5 ಎಂಎಂ ಅಥವಾ 20 ಜೌಲ್ ಮೀರಿದ್ದಕ್ಕೆ 2016ರ ಶಸ್ತ್ರ ನಿಯಮದಂತೆ ಲೈಸೆನ್ಸ್ ಬೇಕು. ಇನ್ನು ಹೊಲಕ್ಕೆ ಬರುವ ಚಿಗರಿ, ನವಿಲು, ಹಂದಿ ಅಂತ ಕೇಳಲೇಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ, ಕೇಸ್ ಬೀಳುತ್ತದೆ. ಹಂದಿಗಂತೂ ಇದರಿಂದ ಬರೀ ಗಾಯ ಆಗುತ್ತದೆ, ಅಷ್ಟೇ.