ಮಗಳ ಕೈ ಅಳತೆಗೆ ಕಟ್ಟಿದ ತರಕಾರಿ ಮಡಿ

ಮೈಸೂರಿನಲ್ಲಿ ನಮ್ಮದು 40–60ರ ಸೈಟು. ಮನೆಯ ಪೂರ್ವಕ್ಕೆ ಒಂದಿಷ್ಟು ಜಾಗ ಉಳಿದಿದೆ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಒಳ್ಳೆ ಬಿಸಿಲು. ಆದರೆ ಗುದ್ದಲಿ ಹಾಕಿದರೆ ಸಿಗುವುದು ಇಟ್ಟಿಗೆ ಚೂರು, ಗಟ್ಟಿಯಾದ ಗಾರೆ, ಟೈಲ್ಸ್ ತುಂಡು. ಸಿಮೆಂಟು ಬೆರೆತ ಮಣ್ಣಲ್ಲಿ ಸುಣ್ಣದ ಅಂಶ ಜಾಸ್ತಿ. ಅಂಥ ಕಡೆ ಕಬ್ಬಿಣ, ಸತು ಇದ್ದರೂ ಬೇರಿಗೆ ಸರಿಯಾಗಿ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಆ ಮಣ್ಣನ್ನು ರಿಪೇರಿ ಮಾಡುತ್ತಾ ಕೂರುವ ಬದಲು ಅದರ ಮೇಲೆ ಏರುಮಡಿ, ಅಂದರೆ ಸುತ್ತ ಗಿಡ್ಡ ಗೋಡೆ ಇಟ್ಟು ಒಳಗೆ ಬೇರೆ ಮಣ್ಣು ತುಂಬಿದ ಮಡಿ, ಕಟ್ಟೋಣ ಅಂತ ತೀರ್ಮಾನ ಮಾಡಿದೆವು. ದಸರಾ ರಜೆ, ಮಕ್ಕಳಿಬ್ಬರೂ ಮನೆಯಲ್ಲಿದ್ದರು. ನಾಗಮಂಗಲದ ಕಡೆಯಿಂದ ಅತ್ತೆಯೂ ಬಂದಿದ್ದರು.

ಮೊದಲು ಅಗಲ ಎಷ್ಟು ಅಂತ ನಿರ್ಧರಿಸಬೇಕು. ಎಲ್ಲ ಕಡೆ 4 ಅಡಿ ಅಂತಾರೆ. ದೊಡ್ಡವರಿಗೆ ಸರಿ, ಎರಡನೇ ಕ್ಲಾಸಿನ ಮಗುವಿಗೆ ಅದು ಜಾಸ್ತಿ. ಏರುಮಡಿಯ ನಿಜವಾದ ಲಾಭ ಇರುವುದು ಅದರೊಳಗೆ ಯಾರೂ ಕಾಲಿಡದೇ ಇರುವುದರಲ್ಲಿ. ತುಳಿದರೆ ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ, ಗಾಳಿ ಆಡುವುದಿಲ್ಲ, ನೀರು ಇಂಗುವುದಿಲ್ಲ, ಬೇರು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಕೈ ಪಕ್ಕದಲ್ಲಿ ಕೂತು ಚಾಚಿದರೆ ಮಡಿಯ ನಡುವಿನವರೆಗೆ ತಲುಪಬೇಕು. ಮಗಳನ್ನು ಕೂರಿಸಿ ಕೈ ಚಾಚಿಸಿ ನೋಡಿದೆವು. ಒಳಗಿನ ಅಗಲ 28 ಇಂಚು ಅಂತಾಯಿತು. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿಲ್ಲ.

ಗೋಡೆಗೆ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ತಂದೆವು. ಒಂದು ಬ್ಲಾಕು 16 ಇಂಚು ಉದ್ದ, 8 ಇಂಚು ಎತ್ತರ. ಉದ್ದದ ಬದಿಗೆ ಆರಾರು, ಅಗಲದ ಬದಿಗೆ ಎರಡೆರಡು, ಅಲ್ಲಿಗೆ ಒಂದು ವರಸೆಗೆ 16. ಎರಡು ವರಸೆ ಸಾಕು. ಸಿಮೆಂಟು ಹಾಕಲಿಲ್ಲ, ಬೇಕಾಗೂ ಇಲ್ಲ, ಸಂದಿಯಿಂದ ನೀರು ಬಸಿದು ಹೋಗುವುದೇ ಒಳ್ಳೆಯದು. ಆದರೆ ಮೂಲೆ ಜೋಡಿಸುವುದರಲ್ಲಿ ಒಂದು ಉಪಾಯ ಇದೆ. ಪ್ರತಿ ಬದಿಯ ಒಂದು ತುದಿ ಮೂಲೆಯನ್ನು ದಾಟಿ ಹೊರಬರಬೇಕು, ಇನ್ನೊಂದು ತುದಿ ಪಕ್ಕದ ಸಾಲಿಗೆ ಒಳಗಿನಿಂದ ತಾಗಿ ನಿಲ್ಲಬೇಕು, ಹೀಗೇ ಸುತ್ತ ಬರಬೇಕು. ಮೇಲಿನ ವರಸೆಯನ್ನು ಉಲ್ಟಾ ದಿಕ್ಕಿಗೆ ಸುತ್ತಿಸಿದರೆ ಸಂದಿಗಳೆಲ್ಲ ನಾಲ್ಕಿಂಚು ಸರಿಯುತ್ತವೆ, ಒಂದರ ಮೇಲೆ ಒಂದು ಬರುವುದಿಲ್ಲ, ಬ್ಲಾಕು ಒಡೆಯುವ ಗೋಜೂ ಇಲ್ಲ. ಕೆಳಗಿನ ವರಸೆಯನ್ನು ಎರಡಿಂಚು ನೆಲದಲ್ಲಿ ಹೂತು, ದಾರ ಕಟ್ಟಿ, ಮಟ್ಟಗೋಲಿಟ್ಟು ನೋಡಿದ್ದು ನಮ್ಮೆಜಮಾನ್ರು ಮತ್ತು ಮಗ.

ಒಳಗಿನ ನೆಲವನ್ನು ಹಾರೆಯಿಂದ ಒಂದು ಗೇಣು ಸಡಿಲ ಮಾಡಿ, ದೊಡ್ಡ ಚೂರುಗಳನ್ನು ಆರಿಸಿ ತೆಗೆದೆವು. ಗರಿಕೆ ಮೇಲೆ ಬರದ ಹಾಗೆ ರಟ್ಟಿನ ಡಬ್ಬಗಳನ್ನು ಬಿಡಿಸಿ, ಟೇಪು ಕಿತ್ತು, ನೆನೆಸಿ ಹಾಸಿದೆವು. ಪ್ಲಾಸ್ಟಿಕ್ ಮಾತ್ರ ಹಾಸಬೇಡಿ, ನೀರು ನಿಲ್ಲುತ್ತದೆ. ರಟ್ಟಿನ ಮೇಲೆ ನಾಲ್ಕಿಂಚು ತೆಂಗಿನ ಸಿಪ್ಪೆ, ಒಣಗಿದ ಎಲೆ, ಸಣ್ಣ ಕಡ್ಡಿ. ಮಿಕ್ಕಿದ್ದು ಸುಮಾರು 15 ಘನ ಅಡಿ. ಅದಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟು (ತೆಂಗಿನ ನಾರಿನ ಪುಡಿ), ಜೊತೆಗೆ ಎರಡು ಕೆಜಿ ಬೇವಿನ ಹಿಂಡಿ. ಬಾಂಡ್ಲಿ ಲೆಕ್ಕದಲ್ಲಿ ಅಳೆದು ಟಾರ್ಪಾಲಿನ ಮೇಲೆ ಮಗುಚಿದೆವು. ಕೋಕೋಪೀಟು 5 ಕೆಜಿಯ ಒಂದೂವರೆ ಇಟ್ಟಿಗೆ ಸಾಕಾಯಿತು. ಅದನ್ನು ನೆನೆಸಿ ಆ ನೀರನ್ನು ಒಮ್ಮೆ ಚೆಲ್ಲಿಬಿಡಬೇಕು, ಉಪ್ಪಿನ ಅಂಶ ಇರುತ್ತದೆ.

ಗೊಬ್ಬರ ಆರಿಸುವ ಕೆಲಸ ಅತ್ತೆಯದು. ಅವರು ಹಿಡಿ ತುಂಬ ಎತ್ತಿ ಮೂಸಿ ನೋಡಿದರು. ಸಗಣಿ ವಾಸನೆ ಇದ್ದರೆ ಬೇಡ, ಮಳೆ ಬಿದ್ದ ಮಣ್ಣಿನ ವಾಸನೆ ಇದ್ದು ಬೆರಳ ನಡುವೆ ಪುಡಿಯಾದರೆ ಸರಿ. ಹಸಿ ಗೊಬ್ಬರ ಕಾವು ಏರಿ ಎಳೆ ಬೇರನ್ನು ಸುಡುತ್ತದೆ. ಮಣ್ಣು ತುಂಬಿದ ತಕ್ಷಣ ಮಗ ಒಳಗೆ ಹಾರಲು ಹೋದ. "ಒಳಕ್ ಕಾಲಿಡಬ್ಯಾಡ ಕಣ್ ಮಗ, ಮಣ್ಗೆ ಉಸಿರು ಕಟ್ತದೆ" ಅಂದರು ಅತ್ತೆ. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದೇ ಮಾತಲ್ಲಿ ಹೇಳಿದರು.

ಬೀಜ ತಂದದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು, ಆನ್‌ಲೈನಲ್ಲೂ ಸಿಗುತ್ತದೆ. ಬೆಂಡೆಗೆ ಅರ್ಕಾ ಅನಾಮಿಕಾ, ಟೊಮೆಟೊಗೆ ಅರ್ಕಾ ರಕ್ಷಕ್. ರಕ್ಷಕ್ ಎಲೆ ಮುದುರು ರೋಗ, ಸೊರಗು ರೋಗ, ಎಲೆ ಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ತಳಿ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಬೆಂಡೆ ಬೀಜ ಹಾಗಲ್ಲ, ಒಂದೆರಡು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರಾಯಿತು.

ಉತ್ತರದ ತುದಿಗೆ ಹೀರೆಗೆ ಚಪ್ಪರ, ಹಾಗಾದರೆ ಅದರ ನೆರಳು ಬೇರೆ ಗಿಡಗಳ ಮೇಲೆ ಬೀಳುವುದಿಲ್ಲ. ನಡುವೆ ಎರಡಡಿಗೊಂದು ಟೊಮೆಟೊ, ಒಂದಡಿಗೊಂದು ಬೆಂಡೆ. ಅಂಚಿಗೆ ದಂಟು, ಮೆಂತ್ಯ, ಕೊತ್ತಂಬರಿ, ಅದು ಪೂರ್ತಿ ಮಗಳ ಪಾಲು. ದಂಟಿನ ಬೀಜ ಸಾಸಿವೆಗಿಂತಲೂ ಸಣ್ಣ, ಕೈಯಿಂದ ಹಾಗೇ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಅದಕ್ಕೆ ಅತ್ತೆ ಒಂದು ಚಮಚ ಬೀಜಕ್ಕೆ ಒಂದು ಲೋಟ ಒಣ ಮರಳು, ಮೇಲೊಂದು ಹಿಡಿ ಒಲೆ ಬೂದಿ ಬೆರೆಸಿ ಕೊಟ್ಟರು. ಮಗಳು ರಂಗೋಲಿ ಬಿಟ್ಟ ಹಾಗೆ ಗೆರೆ ಎಳೆದಳು. ಮರಳು ಬಿದ್ದ ಕಡೆ ಬೀಜ ಬಿದ್ದಿದೆ ಅಂತ ಕಣ್ಣಿಗೆ ಕಾಣುತ್ತಲ್ವಾ, ಅವಳಿಗೆ ಅದೇ ಖುಷಿ. ಕೊತ್ತಂಬರಿಯನ್ನು ಮಣೆ ಮೇಲೆ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು.

ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ. ದಿನಾ ಇಷ್ಟು ನೀರು ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಚುಚ್ಚಿ ನೋಡಿ, ತಣ್ಣಗಿದ್ದರೆ ಸುಮ್ನೆ ಬಿಡಿ. ಗಿಡದ ಬುಡಕ್ಕೆ ಒಣ ಎಲೆ ಮುಚ್ಚಿದ ಮೇಲೆ ನಮಗೆ ನೀರು ಹಾಕುವ ಕೆಲಸ ತುಂಬ ಕಡಿಮೆಯಾಯಿತು. ಟೊಮೆಟೊ ಎಲೆಯಡಿ ಬಿಳಿ ನೊಣ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಎಲೆಯ ಕೆಳಗಡೆಗೆ ಬೀಳುವ ಹಾಗೆ ಸಿಂಪಡಿಸುತ್ತೇವೆ. ಮಗ ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಜೀವಾಮೃತ ಅನ್ನುವ ದ್ರವ ಗೊಬ್ಬರ ಮಾಡಲು ಕಲಿತಿದ್ದಾನೆ: ಬಕೆಟ್ಟಿನ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಎರಡು ದಿನ ಬೆಳಗ್ಗೆ ಸಂಜೆ ತಿರುವಿ, ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹಾಕುತ್ತಾನೆ.

ಮೆಂತ್ಯ ಮೊದಲು ಕೊಯ್ಲಿಗೆ ಬಂತು, ಆಮೇಲೆ ದಂಟು, ಆಮೇಲೆ ಬೆಂಡೆ. ಬೆಂಡೆ ಬಿಡಲು ಶುರುವಾದರೆ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಬಿಟ್ಟರೆ ನಾರಾಗುತ್ತದೆ, ಹೊಸ ಕಾಯಿಯೂ ಕಡಿಮೆ. ತಳದ ಸಿಪ್ಪೆ, ಎಲೆ ಕೊಳೆಯುತ್ತಾ ಮಣ್ಣು ಕೆಳಗಿಳಿದಿದೆ. ಈಗ ಟೊಮೆಟೊ ಕಿತ್ತು, ಎರಡಿಂಚು ಗೊಬ್ಬರ ಏರಿಸಿ ಮಟ್ಟ ಮಾಡಿದ್ದೇವೆ. ಸೊರಗು ರೋಗದ ಸೂಕ್ಷ್ಮಾಣು ಮಣ್ಣಲ್ಲೇ ಉಳಿಯುವುದರಿಂದ ಆ ಜಾಗಕ್ಕೆ ಟೊಮೆಟೊ ಕುಟುಂಬದ್ದೇ ಆದ ಬದನೆ, ಮೆಣಸಿನಕಾಯಿ ಹಾಕುವುದಿಲ್ಲ. ಅಲ್ಲಿಗೆ ತಿಂಗಳ ಹುರುಳಿ (ಬೀನ್ಸ್). ಅದರ ಬೀಜವನ್ನು ಅತ್ತೆ ಆಗಲೇ ನೆನೆಹಾಕಿದ್ದಾರೆ.