ಫಿಸಿಯಾಲಜಿ ಪದವಿ: ಶುಲ್ಕ ಕಟ್ಟುವ ಮುನ್ನ ಲೆಕ್ಕ ಹಾಕುವುದು ಹೇಗೆ?

ಬಿ.ಎಸ್ಸಿ. ಮುಗಿಸಿದವರಿಗೂ ವೈದ್ಯಕೀಯ ಕಾಲೇಜಿನಲ್ಲಿ ಎಂ.ಎಸ್ಸಿ. ಫಿಸಿಯಾಲಜಿ ಸೀಟು ಸಿಗುತ್ತದೆಂದು ಗೊತ್ತಾದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ ವರ್ಷದ ಫೀಸು ಎಷ್ಟು ಎಂಬುದು. ಆದರೆ ಈ ಲೆಕ್ಕವನ್ನು ಫೀಸಿನಿಂದಲ್ಲ, ಕೊನೆಯಲ್ಲಿ ಸಿಗುವ ಹುದ್ದೆಯಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು.

ಹಂತ 1: ಪದವಿ ಯಾವುದೆಂದು ಖಚಿತಪಡಿಸಿಕೊಳ್ಳಿ

ಫಿಸಿಯಾಲಜಿ ಎಂದರೆ ಶರೀರಕ್ರಿಯಾಶಾಸ್ತ್ರ. ಇದನ್ನು ಫಿಸಿಯೋಥೆರಪಿ ಎಂದುಕೊಂಡು ಸೇರಿದವರೂ ಇದ್ದಾರೆ. ಫಿಸಿಯೋಥೆರಪಿಯ ಪದವಿಯಾದ ಬಿಪಿಟಿ ಓದಿದವರು ರೋಗಿಗಳಿಗೆ ಚಿಕಿತ್ಸೆ ನೀಡುತ್ತಾರೆ, ಎಂ.ಎಸ್ಸಿ. ಫಿಸಿಯಾಲಜಿಯಿಂದ ಅಂಥ ಅಧಿಕಾರ ಬರುವುದಿಲ್ಲ. ಎಂಬಿಬಿಎಸ್ ಆದವರು ನೀಟ್ ಪಿಜಿ ಮೂಲಕ ಮಾಡುವ ಎಂ.ಡಿ. ಫಿಸಿಯಾಲಜಿಯ ದಾರಿಯೇ ಬೇರೆ. ಪಶ್ಚಿಮ ಬಂಗಾಳದಲ್ಲಿ ಬಿ.ಎಸ್ಸಿ. ಹಂತದಲ್ಲೇ ಇದು ಸ್ವತಂತ್ರ ವಿಷಯವಾಗಿದೆ. ನಮ್ಮ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪ್ರಾಣಿಶಾಸ್ತ್ರದ ಒಂದು ಪತ್ರಿಕೆಯಾಗಿಯಷ್ಟೇ ಕಾಣಿಸಿಕೊಳ್ಳುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ವೈದ್ಯಕೀಯ ಎಂ.ಎಸ್ಸಿ. 3 ವರ್ಷದ ಕೋರ್ಸು. ದೆಹಲಿಯ ಏಮ್ಸ್‌ನಲ್ಲಿ 2 ವರ್ಷ. ಅಲ್ಲಿ ಶುಲ್ಕ ತೀರಾ ಕಡಿಮೆ, ಆದರೆ ಪ್ರವೇಶ ಪರೀಕ್ಷೆ ಬಿಗಿ, ಸೀಟುಗಳು ಬೆರಳೆಣಿಕೆ.

ಹಂತ 2: ಹುದ್ದೆಯ ನಿಯಮ ಓದಿ

ಎಂಬಿಬಿಎಸ್‌ನ ಮೊದಲ ವರ್ಷದಲ್ಲಿ ಫಿಸಿಯಾಲಜಿ ಕಡ್ಡಾಯ ವಿಷಯವಾದ್ದರಿಂದ ಪ್ರತಿ ವೈದ್ಯಕೀಯ ಕಾಲೇಜಿಗೂ ಅದರ ಬೋಧಕರು ಬೇಕೇ ಬೇಕು. ಹಾಗೆಂದು ಬಾಗಿಲು ಎಲ್ಲರಿಗೂ ಪೂರ್ತಿ ತೆರೆದಿಲ್ಲ. ಎಂಬಿಬಿಎಸ್ ಓದದ ಬೋಧಕರಿಗೆ ಈ ವಿಭಾಗದಲ್ಲಿ ಹಿಂದೆ ಶೇ 30ರವರೆಗೆ ಇದ್ದ ಅವಕಾಶವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ 2020ರ ನಿಯಮಗಳು ಶೇ 15ಕ್ಕೆ ಇಳಿಸಿದವು. ಆಗಷ್ಟೇ ಕೋರ್ಸು ಮುಗಿಸಿ ಹೊರಬಂದವರ ಪಾಡು ಏನಾಗಿರಬಹುದೆಂದು ಊಹಿಸಿಕೊಳ್ಳಿ: ಅವರ ಓದಿನಲ್ಲಿ ಏನೂ ಕೊರತೆಯಿರಲಿಲ್ಲ, ಒಂದು ಅಧಿಸೂಚನೆ ಹುದ್ದೆಗಳ ಲೆಕ್ಕವನ್ನೇ ಬದಲಿಸಿತು. ಬೋಧಕರ ಅರ್ಹತಾ ನಿಯಮಗಳು 2022ರಲ್ಲೂ 2025ರಲ್ಲೂ ಮತ್ತೆ ಪರಿಷ್ಕರಣೆಗೊಂಡಿವೆ. ಆದ್ದರಿಂದ ಕಾಲೇಜಿನ ಕರಪತ್ರದಲ್ಲಿರುವ ಭರವಸೆಯನ್ನು ಬದಿಗಿಟ್ಟು, ಆಯೋಗದ ಜಾಲತಾಣದಲ್ಲಿರುವ ಇತ್ತೀಚಿನ ನಿಯಮಾವಳಿಯನ್ನೂ, ಇದೇ ವರ್ಷ ಹೊರಬಿದ್ದ ನಾಲ್ಕಾರು ನೇಮಕಾತಿ ಪ್ರಕಟಣೆಗಳನ್ನೂ ಎದುರಿಗಿಟ್ಟುಕೊಂಡು ಓದಬೇಕು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಎಸ್ಸಿ.ಯ ಮೇಲೆ ಪಿಎಚ್‌.ಡಿ.ಯನ್ನೂ ಕೇಳುತ್ತಾರೆ. ಹೀಗಾಗಿ ನಿಮ್ಮ ಲೆಕ್ಕ 3 ವರ್ಷದ್ದಲ್ಲ, ಕಡಿಮೆಯೆಂದರೂ ಆರೇಳು ವರ್ಷದ್ದು.

ಹಂತ 3: ಕಾಣದ ಖರ್ಚನ್ನೂ ಬರೆದುಕೊಳ್ಳಿ

ಶುಲ್ಕ, ಹಾಸ್ಟೆಲ್, ಪರೀಕ್ಷಾ ಶುಲ್ಕ, ಪ್ರಬಂಧದ ಖರ್ಚು ಇವೆಲ್ಲ ಕಣ್ಣಿಗೆ ಬೀಳುತ್ತವೆ. ಬೀಳದಿರುವುದು, ಆ ಅವಧಿಯಲ್ಲಿ ಕೈತಪ್ಪುವ ಸಂಬಳ. ತಿಂಗಳಿಗೆ 15,000 ರೂಪಾಯಿಯ ಕೆಲಸ ಬಿಟ್ಟು ಸೇರಿದರೆ 3 ವರ್ಷಕ್ಕೆ 5.4 ಲಕ್ಷ ರೂಪಾಯಿ ಹೋದಂತೆ. ಎಂ.ಡಿ. ಮಾಡುವವರಿಗೆ ಸ್ಟೈಪೆಂಡ್ ಇರುತ್ತದೆ, ಎಂ.ಎಸ್ಸಿ.ಯವರಿಗೂ ಇದೆಯೇ ಎಂಬುದನ್ನು ಕಾಲೇಜಿನಿಂದ ಲಿಖಿತವಾಗಿಯೇ ಕೇಳಿ ಪಡೆಯಿರಿ.

ಇನ್ನು ಸಾಲದ ಮಾತು. ವರ್ಷಕ್ಕೆ 2 ಲಕ್ಷದಂತೆ ಒಟ್ಟು 6 ಲಕ್ಷ ರೂಪಾಯಿ ಸಾಲವನ್ನು ಶೇ 10ರ ಬಡ್ಡಿಗೆ ತೆಗೆದುಕೊಂಡಿರಿ ಎನ್ನೋಣ. ಓದುವ 3 ವರ್ಷದಲ್ಲಿ ಸರಳ ಬಡ್ಡಿಯೇ 1.2 ಲಕ್ಷ, ಕೆಲಸ ಹುಡುಕಲು ಸಿಗುವ 1 ವರ್ಷದ ಬಿಡುವಿನಲ್ಲಿ ಇನ್ನೂ 60,000. ಕಂತು ಶುರುವಾಗುವ ದಿನ ನಿಮ್ಮ ತಲೆಯ ಮೇಲಿರುವುದು 7.8 ಲಕ್ಷ. ಅದನ್ನು 7 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 12,950 ರೂಪಾಯಿ ಕಟ್ಟಬೇಕು; ಕೊನೆಗೆ ಕೈಬಿಟ್ಟುಹೋಗುವುದು ಸುಮಾರು 10.9 ಲಕ್ಷ. ಆದಾಯ ತೆರಿಗೆ ಕಾನೂನಿನ ಪ್ರಕಾರ ಬಡ್ಡಿಗೆ 8 ವರ್ಷ ವಿನಾಯಿತಿ ಉಂಟಾದರೂ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. ಅದೇ ಕಾಲೇಜಿನಿಂದ ಕಳೆದ ವರ್ಷ ಹೊರಬಂದವರ ಕೈಗೆ ಬರುತ್ತಿರುವ ಸಂಬಳದ ಮೂರನೇ ಒಂದು ಭಾಗವನ್ನು ಕಂತು ಮೀರುವುದಾದರೆ, ನನ್ನ ದೃಷ್ಟಿಯಲ್ಲಿ ಆ ಸೀಟು ಬೇಡ.

ಹಂತ 4: ಸಂಶೋಧನೆಯ ದಾರಿಯನ್ನು ಬೇರೆಯಾಗಿ ತೂಗಿ

ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ನ ಜೀವವಿಜ್ಞಾನ ವಿಷಯದಲ್ಲಿ ಜೆಆರ್‌ಎಫ್ (ಪಿಎಚ್‌.ಡಿ. ಮಾಡುವಾಗ ಸಿಗುವ ಜೂನಿಯರ್ ಫೆಲೋಶಿಪ್) ಗಳಿಸಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಫೆಲೊ ಆದ ಮೇಲೆ 42,000 ರೂಪಾಯಿ ಇದೆ. ಮನೆ ಬಾಡಿಗೆ ಭತ್ಯೆ ಬೇರೆ. ಹೀಗೆ ನೋಡಿದರೆ ಪಿಎಚ್‌.ಡಿ. ಅವಧಿ ಖರ್ಚಿನ ಕಡೆಗಲ್ಲ, ಗಳಿಕೆಯ ಕಡೆಗೆ ಸೇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಮಂಡಲದ ಕ್ರಿಯೆಯನ್ನು ಅಭ್ಯಸಿಸುವ ನ್ಯೂರೋಫಿಸಿಯಾಲಜಿ ವಿಭಾಗವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಫಿಸಿಯಾಲಜಿ ಪ್ರಾಧ್ಯಾಪಕರಾದ ಡಾ. ಅನುರಾ ಕುರ್ಪಾಡ್ ಹೆಸರಾಗಿರುವುದು ಪೌಷ್ಟಿಕತೆಯ ಸಂಶೋಧನೆಯಿಂದ. ಎತ್ತರದ ಪ್ರದೇಶಗಳಲ್ಲಿ ಸೈನಿಕರ ದೇಹ ಹೇಗೆ ಒಗ್ಗಿಕೊಳ್ಳುತ್ತದೆಂದು ಅಧ್ಯಯನ ಮಾಡುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ದೆಹಲಿಯಲ್ಲಿದೆ. ಈ ದಾರಿ ಹಿಡಿಯುವವರು ಎಂ.ಎಸ್ಸಿ. ಮೊದಲ ವರ್ಷದಲ್ಲೇ ನೆಟ್ ತಯಾರಿ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಅದರ ಪಠ್ಯಕ್ರಮದಲ್ಲಿ ಫಿಸಿಯಾಲಜಿ ಒಂದು ಭಾಗ ಮಾತ್ರ.

ಹಂತ 5: ವಿಭಾಗಕ್ಕೆ ಹೋಗಿ ಒಂದು ಮಧ್ಯಾಹ್ನ ಕಳೆಯಿರಿ

ಪ್ರಾಯೋಗಿಕ ತರಗತಿ ನಡೆಯುವ ಹೊತ್ತಿಗೆ ಹೋಗುವುದು ಉತ್ತಮ. ಎಂಬಿಬಿಎಸ್ ಹುಡುಗರು ತಮ್ಮದೇ ಬೆರಳು ಚುಚ್ಚಿಕೊಂಡು, ನ್ಯೂಬಾವರ್ ಚೇಂಬರ್ ಎಂಬ ಗೆರೆ ಕೊರೆದ ಗಾಜಿನ ಫಲಕದ 80 ಸಣ್ಣ ಚೌಕಗಳಲ್ಲಿ ಕೆಂಪು ರಕ್ತಕಣ ಎಣಿಸುತ್ತ ಲೆಕ್ಕ ತಪ್ಪುತ್ತಿರುತ್ತಾರೆ. ಅವರ ಹಿಂದೆ ನಿಂತು ತಿದ್ದುವವರಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳೂ ಇರಬಹುದು. ಇದೇ ಪಾಠವನ್ನು ಮೂವತ್ತು ವರ್ಷ, ಪ್ರತಿವರ್ಷ ಹೊಸ ಮುಖಗಳಿಗೆ ಹೇಳುವುದು ನಿಮಗೆ ಹಿಡಿಸುತ್ತದೆಯೇ ಎಂದು ಅಲ್ಲಿಯೇ ತಿಳಿಯುತ್ತದೆ. ಹೊರಡುವ ಮೊದಲು ಕೊನೆಯ ವರ್ಷದ ಒಬ್ಬರನ್ನು ಕ್ಯಾಂಟೀನಿಗೆ ಕರೆದು, ಅವರ ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ, ಏನು ಸಂಬಳ ಎಂದು ವಿಚಾರಿಸಿ. ವಿಭಾಗದ ಮುಖ್ಯಸ್ಥರ ಎದುರು ಈ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ.