ಟಸ್ಕನಿಯಲ್ಲಿ ಬಿಸಿನೀರಿನ ಸ್ನಾನಕ್ಕೆ ಸ್ಪಾ ಹೋಟೆಲೇ ಬೇಕಿಲ್ಲ
ಇಟಲಿಯಲ್ಲಿ ಗೆಳತಿಯ ಜೊತೆ ಎರಡು ದಿನ ಸ್ಪಾಗೆ ಅಂತ ಹೊರಟಿದ್ದರೆ ಸ್ಪಾ ಹೋಟೆಲ್ ಬುಕ್ ಮಾಡಬೇಡಿ. ಟಸ್ಕನಿಯ ಸತುರ್ನಿಯಾ ಊರಿನ ಸುತ್ತಲಿನ ಅಗ್ರಿತುರಿಸ್ಮೊ ಒಂದರಲ್ಲಿ (ನಮ್ಮ ಮಲೆನಾಡಿನ ಹೋಂಸ್ಟೇ ಥರದ ತೋಟದ ಮನೆ) ಇಬ್ಬರೂ ಸೇರಿ ಒಂದೇ ರೂಮು ಹಿಡಿದು, ಸ್ನಾನಕ್ಕೆ ಅಲ್ಲಿನ ಕಸ್ಕಾತೆ ದೆಲ್ ಮುಲಿನೊ ಎಂಬ ಬಿಸಿನೀರಿನ ಕೊಳಗಳಿಗೆ ಹೋಗಿ. ಅಲ್ಲಿನ ದುಬಾರಿ ಸ್ಪಾಗೂ ಈ ಬಯಲು ಕೊಳಗಳಿಗೂ ಬರುವುದು ಒಂದೇ ಬುಗ್ಗೆಯ ನೀರು, ಸುಮಾರು 37 ಡಿಗ್ರಿ ಬಿಸಿ. ಇಲ್ಲಿ ಪ್ರವೇಶ ಶುಲ್ಕವಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೇ ಇಳಿದರೆ ಚಳಿಗಾಲದಲ್ಲಂತೂ ಹಬೆಯ ನಡುವೆ ಕೂತ ಸುಖವೇ ಬೇರೆ. ಬೆಳ್ಳಿ ಕಾಲುಂಗುರ, ಸರ ರೂಮಿನಲ್ಲೇ ಬಿಚ್ಚಿಡಿ, ನೀರಿನ ಗಂಧಕಕ್ಕೆ ಕಪ್ಪಾಗುತ್ತವೆ. ಕಾರಿಲ್ಲದವರಿಗೆ ಈ ಉಪಾಯ ಕಷ್ಟ, ಆ ಕಡೆ ಬಸ್ಸು ತೀರಾ ಕಡಿಮೆ. ಆಗಸ್ಟ್ ವಾರಾಂತ್ಯಗಳಲ್ಲೂ ಬೇಡ, ವಿಪರೀತ ಜನ.